ಬುರುಜಿನ ಮುಂದೆ ಎಡೆ

“ಅಲ್ಲಿ ಅಗೀಬ್ಯಾಡ ಕಣಪ್ಪ!”

ಕೋಟೆಯ ಕೊನೆಯ ಬುರುಜಿಗೆ ಹಾರೆ ಎತ್ತಿದ್ದವನು ಹಾಗೇ ನಿಂತೆ. ಎಪ್ಪತ್ತರ ದಶಕದ ಮಾತು. ಪಾಳೇಗಾರರು ಗಡಿ ಕಾಯಲೆಂದು ಕಟ್ಟಿಸಿದ್ದ ಆ ಮಣ್ಣಿನ ಕೋಟೆಯನ್ನು ತುರುವೇಕೆರೆ ಕಡೆಯ ನಾವು ಅಗೆದು, ಗೊಬ್ಬರದ ಮಣ್ಣೆಂದು ಗಾಡಿಗಟ್ಟಲೆ ತೆಂಗಿನ ತೋಟಕ್ಕೆ ಹೊಡೆಯುತ್ತಿದ್ದೆವು. ಕೂಗಿದ ಅಜ್ಜಿ ಬುರುಜಿನ ಬುಡದಲ್ಲಿ ಮುತ್ತುಗದ ಎಲೆ ಹಾಸಿ, ಬಿಸಿ ಮುದ್ದೆ ಇಟ್ಟು, ಹುರುಳಿ ಸಾರು ಬಿಟ್ಟು ಕೈಮುಗಿದರು.

“ಮುತ್ತಿಗೆ ಹಾಕ್ದಾಗ ಇಲ್ಲೊಬ್ಬ ಸಿಪಾಯಿ ಅನ್ನ ಇಲ್ದೆ ಸತ್ನಂತೆ. ನಮ್ಮತ್ತೆನೂ ವರ್ಷಕ್ಕೊಂದ್ಸಲ ಎಡೆ ಇಕ್ಕೋರು.”

“ಕೋಟೆಯವನೋ, ಮುತ್ತಿಗೆ ಹಾಕಿದವನೋ ಅಜ್ಜಿ?”

“ಅದ್ಯಾರ್ ಕೇಳವ್ರೆ? ಹಸ್ಕೊಂಡಿದ್ದ.”

ಖಾಲಿ ಗಾಡಿ ಹೊಡೆದುಕೊಂಡು ಮನೆಗೆ ಬಂದೆ. ಈಗ ಅಲ್ಲಿ ಕೋಟೆಯೆಂದು ಉಳಿದಿರುವುದು ಆಳೆತ್ತರದ ಆ ಬುರುಜೊಂದೇ. ಮಿಕ್ಕದ್ದೆಲ್ಲ ನಮ್ಮ ತೆಂಗಿನ ಬುಡದಲ್ಲಿದೆ.