ಆಯಾ ಮಂಗಮ್ಮನಿಗೂ ಒಮ್ಮೆ ಜ್ವರ ಬಂದಿತ್ತು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಗಡಿಸೀಮೆಯ ಕೆಲಮಂಗಲದಾಚೆಯ ಒಂದು ಸಣ್ಣ ಸರ್ಕಾರಿ ಆಸ್ಪತ್ರೆಯ ಗೇಟಿನ ಮುಂದೆ ಜನರಿಗಿಂತ ಮೊದಲು ಚಪ್ಪಲಿಗಳು ಸಾಲು ಹಿಡಿದಿವೆ. ಬಿಟ್ಟವರು ಎದುರಿನ ಅಂಗಡಿಯಲ್ಲಿ ಟೀ ಕುಡಿಯುತ್ತಿದ್ದಾರೆ. ಒಳಗೆ ಮಂಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಫಿನಾಯಿಲ್ ಹಾಕಿ ನೆಲ ಒರೆಸುತ್ತಿದ್ದಾರೆ. ಮಂಚಗಳಿಗೆ ಒಗೆದ ಬೆಡ್‌ಶೀಟ್ ಹಾಸಿ, ಬಕೆಟ್ ತೊಳೆದಿಟ್ಟು ಗೇಟಿಗೆ ಬರುತ್ತಾರೆ.

"ಯಾಕ್ಲಾ ಗಿರಿ, ಇಷ್ಟೊತ್ಗೇ ಬಂದೆ?"

"ಮೂಗು ಸೋರ್ತೈತೆ ಅಕ್ಕಾ. ಒಂದು ಊಸಿ ಹಾಕ್ಸ್ಕಂಡು ಶಿಫ್ಟಿಗೆ ಓಡ್ಬೇಕು."

"ಮೂಗು ಸೋರಿದ್ರೆ ಒರೆಸ್ಕೋ. ಸೂಜಿ ಏನು ಮೂಗಿಗೆ ಬಿರಡೆ ಹಾಕ್ತದಾ? ಹಿಂದೆ ಆ ತಾಯಿ ಕಂಕುಳಲ್ಲಿರೋ ಮಗ ಉಸ್ರು ಎಳೀತಾ ಐತೆ, ಅದು ಮುಂದಕ್ಕೋಗ್ಲಿ."

ಫ್ಯಾಕ್ಟರಿ ಹುಡುಗ ಗಿರಿ ಗೊಣಗುತ್ತಲೇ ಚಪ್ಪಲಿ ಹಿಂದಕ್ಕೆ ಸರಿಸುತ್ತಾನೆ. ಉದ್ದನಪಲ್ಲಿಯಲ್ಲಿ ಹುಟ್ಟಿ ಈ ಊರಿಗೆ ಸೊಸೆಯಾಗಿ ಬಂದ ಮಂಗಮ್ಮ ಇಲ್ಲಿ ಗುತ್ತಿಗೆಯ ಆಯಾ. ನೆಲ ಒರೆಸುವುದು, ವಾಂತಿ ಬಳಿಯುವುದು, ಸಾಲು ಕಾಯುವುದು ಎಲ್ಲಾ ಇವರದೇ. ಕನ್ನಡ, ತಮಿಳು, ತೆಲುಗು ಮೂರರಲ್ಲೂ ಗದರಬಲ್ಲರು. ದಿನಕ್ಕೆ ಇನ್ನೂರು ಮುನ್ನೂರು ಜನ ಬರುವ ಕಡೆ ಅಷ್ಟು ಗದರಲು ಬರದಿದ್ದರೆ ಬದುಕುವುದು ಕಷ್ಟ.

ಬರುವವರಲ್ಲಿ ಅರ್ಧದಷ್ಟು ಮಂದಿಗೆ ಇರುವುದು ನೆಗಡಿ, ಮೈಕೈ ನೋವು. ಈ ಸೀಮೆಯಲ್ಲಿ ಬರೀ ಮಾತ್ರೆ ಕೊಟ್ಟು ಕಳಿಸಿದರೆ ಡಾಕ್ಟರು ಸರಿಯಾಗಿ ನೋಡಲಿಲ್ಲ ಎಂದೇ ಲೆಕ್ಕ. ಸೂಜಿ ಚುಚ್ಚಿದರೆ ಪರವಾಗಿಲ್ಲ. ಗ್ಲೂಕೋಸ್ ಬಾಟಲಿ ಏರಿಸಿದರಂತೂ ಬ್ರೆಡ್ಡು, ಎಳನೀರು, ಮೂಸಂಬಿ ಹಿಡಿದು ಇಡೀ ಬೀದಿಯೇ ನೋಡಲು ಬರುತ್ತದೆ. ಹಾಗಾಗಿ ಇರುವ ನಾಲ್ಕು ಮಂಚಗಳಿಗೆ ದಿನಾ ಜಗಳ.

ಇದನ್ನು ಕಂಡರೆ ಮಂಗಮ್ಮನಿಗೆ ಸಿಟ್ಟು. ಸಿಟ್ಟಿನ ಒಳಗಿರುವುದು ಶುದ್ಧ ಹೊಟ್ಟೆಕಿಚ್ಚು. ಅದನ್ನವರು ಮುಚ್ಚಿಡುವುದೂ ಇಲ್ಲ. "ಸುಳ್ಳ್ಯಾಕೆ ಹೇಳ್ಲಿ? ಹೊಟ್ಟೆ ಉರೀತದೆ. ನಮ್ಮ ವಾರಗಿತ್ತಿ ಶ್ಯಾಮಲಾಗೆ ಒಂದು ಸೀನು ಬಂದ್ರೆ ಸಾಕು, ನಮ್ಮತ್ತೆ ಕಷಾಯ ಕಾಯಿಸ್ತಾರೆ, ತಲೆ ಸವರ್ತಾರೆ. ನಾನು ಕೆಮ್ಮಿದ್ರೆ, ಆಸ್ಪತ್ರೆಲಿರೋಳಿಗೆ ಎಂಥಾ ಕಾಯ್ಲೆ ಅಂತಾರೆ. ಅವ್ರ ಕಾಲು ಮುರ್ದಾಗ ಎತ್ತಿ ಕೂರಿಸ್ದೋಳು ನಾನು, ಶ್ಯಾಮಲಾ ಅಲ್ಲ."

ಹೋದ ತಿಂಗಳು ಮಂಗಮ್ಮನಿಗೇ ಜ್ವರ ಬಂತು. ಬೆಳಗ್ಗೆ ನೆಲ ಒರೆಸುತ್ತಲೇ ತಲೆ ತಿರುಗಿ ಗೋಡೆ ಹಿಡಿದು ಕುಳಿತರು. ಡಾಕ್ಟರು ಬೈದು, ಮಂಚದ ಮೇಲೆ ಮಲಗಿಸಿ, ಬಾಟಲಿ ಹಾಕಿಸಿದರು. ತಾವೇ ಹಾಸಿದ ಹಾಸಿಗೆಯಲ್ಲಿ ಅವರು ಮಲಗಿದ್ದು ಅದೇ ಮೊದಲು. ಪಕ್ಕದ ಮಂಚದಲ್ಲಿ ಅದೇ ಶ್ಯಾಮಲಾ, ನೆಗಡಿಯೆಂದು ಹಟ ಹಿಡಿದು ಬಾಟಲಿ ಏರಿಸಿಕೊಂಡು ನಿದ್ದೆ ಹೋಗಿದ್ದಳು.

ಹನ್ನೊಂದರ ಸುಮಾರಿಗೆ ಅತ್ತೆ ಲಕ್ಷ್ಮೀದೇವಮ್ಮ ಎಳನೀರು ಹಿಡಿದು ಬಂದರು. ಮಂಗಮ್ಮ ಚಳಿಗೆ ಸೆರಗು ಹೊದ್ದು ಎದ್ದು ಕುಳಿತರು. ಈಗ ಕೇಳುತ್ತಾರೆ, ಹಣೆ ಮುಟ್ಟುತ್ತಾರೆ ಎಂದು ಕಾದರು.

"ಕೂತ್ಕಂಡಿದ್ದೀಯಾ? ಶ್ಯಾಮಲಾ ಬಾಟ್ಲಿ ಖಾಲಿಯಾಗೈತೆ ನೋಡು, ನರ್ಸಮ್ಮನ್ನ ಕರ್ಕಂಬಾ ಓಗವ್ವ," ಎಂದರು ಅತ್ತೆ.

ಮಂಗಮ್ಮ ಎದ್ದರು. ಸೂಜಿ ಚುಚ್ಚಿದ ಕೈ ಸೆರಗಿನ ಮರೆಯಲ್ಲಿತ್ತು. ಇನ್ನೊಂದು ಕೈಯಲ್ಲಿ ತಮ್ಮ ಬಾಟಲಿಯನ್ನು ಎತ್ತಿ ಹಿಡಿದು ಗೋಡೆಗುಂಟ ನಡೆದರು. "ಆ ಬಾಟ್ಲೀನೂ ಶ್ಯಾಮಲಾಗೇ ಆಕ್ತಾರಾ? ಪಾಪ, ಮಗಾ ಎಷ್ಟು ಸೋತವ್ಳೆ," ಎಂದು ಹಿಂದಿನಿಂದ ಅತ್ತೆಯ ಮಾತು ಕೇಳಿಸಿತು.

ನರ್ಸ್ ಸೆಲ್ವಿ ನೋಡಿ ತಮ್ಮ ತಮಿಳಿನಲ್ಲಿ ಕಿರುಚಿದರು: "ಅಕ್ಕಾ, ನೀಂಗ ಪೇಷಂಟು!" ಓಡಿ ಬಂದು ಬಾಟಲಿ ಕಿತ್ತುಕೊಂಡು, ಅಲ್ಲೇ ಬೆಂಚಿನ ಮೇಲೆ ಕೂರಿಸಿದರು. ವಾರ್ಡಿನಲ್ಲಿ ಶ್ಯಾಮಲಾ ಎದ್ದು ಎಳನೀರು ಕುಡಿದಳು. ಮಾರನೆಯ ದಿನ ಮಂಗಮ್ಮ ಎಂದಿನಂತೆ ಕೆಲಸಕ್ಕೆ ಬಂದರು. ಅತ್ತೆಗೆ ಇವತ್ತಿಗೂ ವಿಷಯ ಗೊತ್ತಿಲ್ಲ.

ಹೇಳಬಹುದಿತ್ತಲ್ಲ ಎಂದರೆ ಮಂಗಮ್ಮ ಮುಖ ತಿರುಗಿಸುತ್ತಾರೆ. "ಬಾಯ್ಬಿಟ್ಟು ಕೇಳಿ ಈಸ್ಕಳೋ ಸಾಮಾನಾ ಅದು? ಹೇಳಿದ್ರೆ ತಲೆ ಸವರಕ್ಕೆ ಬಂದಾರು. ಹೇಳಿಸ್ಕಂಡು ಬಂದ್ರೆ ನಂಗ್ಯಾತಕ್ಕೆ?"

ಒಳಗಿನಿಂದ ಯಾರೋ ಕೂಗುತ್ತಾರೆ. ಮಗುವೊಂದು ವಾಂತಿ ಮಾಡಿಕೊಂಡಿದೆ. ಮಂಗಮ್ಮ ಮಂಡಿ ಹಿಡಿದು ಏಳುತ್ತಾರೆ, ಎರಡು ಹೆಜ್ಜೆ ಹೋಗಿ ನಿಲ್ಲುತ್ತಾರೆ.

"ಏನಾಯ್ತವ್ವಾ ಮಂಗಮ್ಮಾ ಅಂತ ನಮ್ಮತ್ತೆ ಒಂದ್ಸಲ, ಒಂದೇ ಸಲ ಕೇಳ್ಲಿ. ಏನೂ ಇಲ್ಲ ಅತ್ತೆ, ಚೆನ್ನಾಗಿವ್ನಿ ಅನ್ನಕ್ಕೆ ನಂಗೂ ಆಸೆ ಐತೆ."