ಬಳಪದ ಕಲ್ಲಿನ ಪುಡಿ

ಗಂಡ ತೀರಿಕೊಂಡ ಮೇಲೆ ಸುಳ್ಯದ ಪೂವಮ್ಮ ಪುತ್ತೂರಿಗೆ ಬಂದು ಹಂಚಿನ ಕಾರ್ಖಾನೆಯ ಒಲೆಯ ಬಳಿ ಹತ್ತು ವರ್ಷ ದುಡಿದಳು. ೧೯೫೯ರಲ್ಲಿ ದರ್ಬೆಯ ಮಹಾಗಣಪತಿ ಭಟ್ಟರ ಶೆಡ್ಡಿನಲ್ಲಿ ಪುಡಿ ಕಲಸುವ ಕೆಲಸಕ್ಕೆ ಸೇರಿದಳು. ಭಟ್ಟರು ಮಾಡಿಸುತ್ತಿದ್ದುದು ನೇಯ್ಗೆ ಮಿಲ್ಲುಗಳಿಗೆ ಬೇಕಾದ ಬಿಳಿ ಬಳೆಗಳನ್ನು. ಅಲ್ಯೂಮಿನ ಎಂಬ ಗಟ್ಟಿ ಬಿಳಿ ಪುಡಿಯನ್ನು ಅಚ್ಚಿನಲ್ಲಿ ಒತ್ತಿ ಸುಟ್ಟ ಬಳೆ, ಅದರೊಳಗಿಂದ ನೂಲು ಓಡಬೇಕು. ತಿಂಗಳು ತುಂಬುವುದರೊಳಗೆ ನೂಲೇ ಬಳೆಯನ್ನು ಕೊರೆದುಬಿಡುತ್ತಿತ್ತು.

ಶೆಡ್ಡಿನ ಉಸ್ತುವಾರಿಗೆಂದು ಭಟ್ಟರು ಇಟ್ಟುಕೊಂಡಿದ್ದ, ರಸಾಯನಶಾಸ್ತ್ರ ಓದಿದ ತೀರ್ಥರಾಮ ಸುಟ್ಟ ಬಳೆಯ ಮೇಲೆ ಒಂದು ಹನಿ ಶಾಯಿ ಬಿಟ್ಟು ತೋರಿಸಿದ. ಶಾಯಿ ಇಂಗಿಹೋಯಿತು.

"ಒಳಗೆಲ್ಲ ಸಂದು ಉಂಟು ಪೂವಕ್ಕ. ಇನ್ನೂ ದೊಡ್ಡ ಬೆಂಕಿ ಬೇಕು. ನಮ್ಮ ಒಲೆಯಲ್ಲಿ ಅದು ಆಗುದಿಲ್ಲ."

ತೀರ್ಥರಾಮನೂ ಅವಳಂತೆ ಸುಳ್ಯದ ಕಡೆಯ ಅರೆಭಾಷೆ ಆಡುವವನೇ. ಊರಿನ ಮಾತು ಕೇಳಿದರೆ ಸಾಕು, ಪೂವಮ್ಮನಿಗೆ ತಮ್ಮನೊಬ್ಬ ಸಿಕ್ಕಿದ ಹಾಗಾಗುತ್ತಿತ್ತು. ಮಧ್ಯಾಹ್ನ ಅವನಿಗೂ ಸೇರಿಸಿಯೇ ಅವಳು ಬುತ್ತಿ ಕಟ್ಟುತ್ತಿದ್ದಳು.

ಹಂಚಿನ ಮಣ್ಣಿನಲ್ಲಿ ಸುಣ್ಣದ ಚೂರೋ ಬಳಪದ ಕಲ್ಲಿನ ಚೂರೋ ಸಿಕ್ಕಿದ ಕಡೆ ಅಂಚು ಕರಗಿ ಗಾಜಿನಂತಾಗುವುದನ್ನು ಅವಳು ಎಷ್ಟೋ ಸಲ ನೋಡಿದ್ದಳು. ಒಡೆದ ಬಳಪದ ಕಲ್ಲಿನ ಮರಿಗೆಯೊಂದನ್ನು ಕುಟ್ಟಿ ಬಟ್ಟೆಯಲ್ಲಿ ಸೋಸಿದಳು. ನೂರು ಪಾಲು ಅಲ್ಯೂಮಿನಕ್ಕೆ ಮೂರು ಪಾಲು ಆ ಪುಡಿ, ಚಿಟಿಕೆ ವೀಳ್ಯದ ಸುಣ್ಣ. ಅಚ್ಚು ಒತ್ತುವ ಕುಂಞಿಪಾತುಮ್ಮನಿಂದ ಅದರಲ್ಲಿ ಆರು ಬಳೆ ಒತ್ತಿಸಿದಳು. ಆ ಆರು ಬಳೆಗಳು ಒಲೆಯಿಂದ ಹೊರಬಂದಾಗ ಉಳಿದವಕ್ಕಿಂತ ಚಿಕ್ಕವಾಗಿದ್ದವು. ಶಾಯಿಯ ಹನಿ ಮೇಲೆಯೇ ಮಣಿಯಂತೆ ನಿಂತಿತು.

"ಕಲ್ಲು ಕರಗಿ ಕಣಗಳನ್ನು ಒಟ್ಟಿಗೆ ಎಳೆದದ್ದು ಇದು! ಭಟ್ಟರಿಗೆ ನಾನು ಹೇಳ್ತೇನೆ," ಎಂದ ತೀರ್ಥರಾಮ.

ಹೇಳಿದ್ದು ನಿಜ. ವಾರದ ನಂತರ ಮಿಲ್ಲಿನವರು ಬಂದಾಗ ಭಟ್ಟರು, "ಇದು ನಮ್ಮ ತೀರ್ಥರಾಮ ಕಂಡುಹಿಡಿದದ್ದು," ಎಂದರು. ಪೂವಮ್ಮ ಅವನ ಮುಖವನ್ನೇ ನೋಡಿದಳು. ಅವನು ಈ ಕಡೆ ತಿರುಗಲಿಲ್ಲ.

ಆಮೇಲೆ ಬಂದು, "ನಿಮ್ಮ ಹೆಸರು ಹೇಳಿದರೆ ಯಾರು ನಂಬುದು ಪೂವಕ್ಕ?" ಎಂದ. ಮರುದಿನವೂ ಬುತ್ತಿ ಇಬ್ಬರಿಗೂ ಬಂತು.

ಎರಡನೆಯ ವರ್ಷ ದೊಡ್ಡ ಆರ್ಡರು ಸಿಕ್ಕಿತು. ಕಡಿಮೆ ಬೆಂಕಿಯಲ್ಲೇ ಬೆಂದರೆ ಒಲೆಯ ಎಣ್ಣೆ ಉಳಿದೀತೆಂದು ತೀರ್ಥರಾಮ ಕಲ್ಲಿನ ಪುಡಿಯನ್ನು ಮೂರು ಪಟ್ಟು ಹಾಕಿಸಿದ. ಹೆಚ್ಚಾದರೆ ಬಳೆ ಬೆಂಕಿಯಲ್ಲೇ ಕುಸಿದೀತು ಎಂದು ಅವಳು ಎರಡು ಸಲ ಹೇಳಿದಳು. ಒಲೆ ತೆರೆದಾಗ ಬಳೆಗಳೆಲ್ಲ ಸೊಟ್ಟಗಾಗಿ ಒಂದಕ್ಕೊಂದು ಅಂಟಿ ಕೂತಿದ್ದವು.

ಭಟ್ಟರು ಕೆರಳಿದರು. ತೀರ್ಥರಾಮ ನೆಲ ನೋಡುತ್ತ, "ಪುಡಿ ಕಲಸಿದ್ದು ಪೂವಮ್ಮ," ಎಂದ. ಪೂವಕ್ಕ ಎನ್ನಲಿಲ್ಲ.

"ನಾನು ಬೇಡ ಹೇಳಿದ್ದು ಇವನಿಗೆ ಗೊತ್ತುಂಟು! ಆ ಕಲ್ಲು ಹಾಕಲು ತೋರಿಸಿದ್ದೇ ನಾನು!"

"ಗೆದ್ದಾಗ ಬಾಯಿ ಬಿಡದೆ ಈಗ ಸೋತಾಗ ನನ್ನದು ಹೇಳುದಾ? ಕಲ್ಲು ನಿನ್ನದೆಂದು ಒಪ್ಪಿಕೊಂಡಿಯಲ್ಲ, ಸಾಕು. ನಾಳೆಯಿಂದ ಬರುದು ಬೇಡ," ಎಂದರು ಭಟ್ಟರು.

ಅವಳು ಮತ್ತೆ ಹಂಚಿನ ಕಾರ್ಖಾನೆ ಸೇರಿದಳು. ಊರಿನ ಮಾತಿನವನೇ ಹೀಗೆ ಮಾಡಿದನಲ್ಲ ಎಂಬುದೊಂದೇ ಅವಳನ್ನು ತಿನ್ನುತ್ತಿತ್ತು. ಸಂತೆಯಲ್ಲಿ ಯಾರಾದರೂ ಅರೆಭಾಷೆಯಲ್ಲಿ ಮಾತಾಡಿಸಿದರೆ ಕನ್ನಡದಲ್ಲೇ ಉತ್ತರ ಕೊಡುತ್ತಿದ್ದಳು.

೧೯೬೪ರಲ್ಲಿ ಭಟ್ಟರೇ ಅವಳ ಬಿಡಾರಕ್ಕೆ ಬಂದರು. ತೀರ್ಥರಾಮ ಬೆಂಗಳೂರಿನ ಕಾರ್ಖಾನೆಯೊಂದಕ್ಕೆ ಹೋಗಿದ್ದ. ಮಿಶ್ರಣದ ಲೆಕ್ಕ ಬರೆದ ಪುಸ್ತಕವೂ ಅವನ ಜೊತೆಗೇ ಹೋಗಿತ್ತು.

"ನೀನು ಬರಬೇಕು. ಅಳತೆ ಗೊತ್ತಿರುದು ನಿನಗೆ ಮಾತ್ರ."

"ಅದು ನನ್ನದೆಂದು ನಿಮಗೆ ಯಾವಾಗ ಗೊತ್ತಾದ್ದು?"

"ಮೊದಲೇ ಗೊತ್ತಿತ್ತು. ಕುಂಞಿಪಾತುಮ್ಮ ಆಗಲೇ ಹೇಳಿದ್ದಳು. ಓದಿದವನನ್ನು ಬಿಟ್ಟುಕೊಡ್ಲಿಕ್ಕೆ ಆಗ್ತಿತ್ತಾ, ಹೇಳು?"

ಮೂರು ವರ್ಷ ಒಬ್ಬನ ಮೇಲೆಯೇ ಇಟ್ಟಿದ್ದ ಸಿಟ್ಟು ಪೂವಮ್ಮನೊಳಗೆ ಜಾಗ ತಪ್ಪಿ ತಡಕಾಡಿತು. ಆ ದಿನ ಒಲೆಯ ಮುಂದೆ ನಿಂತಿದ್ದ ಮೂವರಿಗೂ ಸತ್ಯ ಗೊತ್ತಿತ್ತು.

"ನೀವು ಹೋಗಿ ಭಟ್ಟರೇ," ಎಂದಳು. "ನಾನು ಬರುದಿಲ್ಲ."

ಮುಂದಿನ ಮಳೆಗಾಲಕ್ಕೆ ಶೆಡ್ಡಿನ ಒಲೆ ಆರಿ ಬಾಗಿಲು ಮುಚ್ಚಿತು. ಹಾಗಾಗಲೆಂದು ಪೂವಮ್ಮ ಬಯಸಿದವಳಲ್ಲ. ಆದರೆ ಸುದ್ದಿ ಬಂದಾಗ ಅವಳಿಗೆ ಬೇಸರವೂ ಆಗಲಿಲ್ಲ.