ಮಾವಶಿಯ ಹೆಸರಿಲ್ಲದ ಗಿಡ

ಅವ್ವನ ತಂಗಿಯನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಸೇಡು ತೀರಿಸಿಕೊಂಡ ಮೇಲೂ ಕ್ಷಮಿಸಿಲ್ಲ. ಚಿಗವ್ವ ಅಂದರೆ ಹಳ್ಳಿಯ ಮಾತಾಯಿತೆಂದು ಅವಳು ನಮ್ಮಿಂದ ಮಾವಶಿ ಅನ್ನಿಸಿಕೊಳ್ಳುತ್ತಿದ್ದಳು. ಅಕ್ಕತಂಗಿಯರಿಬ್ಬರೂ ಬೈಲಹೊಂಗಲದ ಕಡೆಯವರು. ತಂಗಿಯನ್ನು ಬೆಳಗಾವಿಗೆ ಕೊಟ್ಟರು, ಅವ್ವನನ್ನು ಖಾನಾಪುರ ತಾಲೂಕಿನ ಕಾಡಿನೊಳಗೆ, ಕಣಕುಂಬಿಯ ಹತ್ತಿರದ ನಮ್ಮೂರಿಗೆ.

ಎಪ್ಪತ್ತರ ದಶಕದ ಕೊನೆಗೆ ನನ್ನ ಅಕ್ಕನ ಮದುವೆ. ಅವ್ವ ಎರಡು ದಿನ ಸೊಂಟ ಬಗ್ಗಿಸಿ ಮನೆಯ ಗೋಡೆಗಳಿಗೆ ಸಗಣಿ, ಕೆಮ್ಮಣ್ಣು ಸಾರಿಸಿದ್ದಳು. ಜೀಪಿನಿಂದಿಳಿದ ಮಾವಶಿ ಗೋಡೆಗೆ ಒಂದು ಬೆರಳು ತಾಗಿಸಿ, ಮೂಸಿ, ಬೀಗರೆದುರಿಗೇ ಅಂದಳು: "ಇದೇನ ಅಕ್ಕಾ, ದನಾ ಕಟ್ಟೂ ಜಾಗಾದಾಗ ಮಂದೀನ ಕರದೀಯಲ್ಲ?"

ಒಳಗೆ ಕಾಲಿಡಲಿಲ್ಲ. ಒಂದು ಗುಟುಕು ನೀರೂ ಮುಟ್ಟದೆ ಮದುಮಕ್ಕಳ ಮೇಲೆ ಅಕ್ಕಿಕಾಳು ಬೀಳುವ ತನಕ ಜೀಪಿನಲ್ಲೇ ಕೂತಿದ್ದಳು. ಅವ್ವ ಬೀಗರ ಮುಂದೆ ನಕ್ಕಳು. ಆಮೇಲೆ ಬಚ್ಚಲ ಹಿಂದೆ ನಿಂತು ಅತ್ತದ್ದನ್ನು ನೋಡಿದವಳು ನಾನೊಬ್ಬಳೇ. ಆಗ ನನಗೆ ಹನ್ನೆರಡು ವರ್ಷ. ಇವಳನ್ನು ಇದೇ ಮನೆಯೊಳಗೆ ಕೂಡಿಸಿ ಉಣ್ಣಿಸದಿದ್ದರೆ ನಾನು ಅವ್ವನ ಮಗಳೇ ಅಲ್ಲ ಅಂದುಕೊಂಡೆ.

ಮುಂದೆ ಶಿಕ್ಷಕಿಯ ತರಬೇತಿಗೆಂದು ಬೆಳಗಾವಿಗೆ ಹೋದೆ. ಇರುವುದಕ್ಕೆ ರಾಮತೀರ್ಥ ನಗರದ ಮಾವಶಿಯ ಮನೆಯೇ ಗತಿಯಾಯಿತು. ಅವಳಿಗೆ ಕುಂಡಗಳ ಹುಚ್ಚು. ವರ್ಗವಾಗಿ ಹೋದ ಒಬ್ಬ ಸಾಹೇಬರು ಬಿಟ್ಟುಹೋಗಿದ್ದ ಒಂದು ಗಿಡ ಐದಾರು ವರ್ಷ ಬರೀ ಒರಟು ಎಲೆ ಬಿಟ್ಟುಕೊಂಡಿತ್ತಂತೆ. ಆ ವರ್ಷ ಶ್ರಾವಣ ಮುಗಿಯುತ್ತಲೇ ಮೈತುಂಬ ನೇರಳೆ ಹೂ ಬಿಟ್ಟಿತು. ಮಾವಶಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ವಿಲಾಯತಿ ಹೂವೆಂದು ಓಣಿಯ ಹೆಂಗಸರನ್ನೆಲ್ಲ ಕರೆದು ತೋರಿಸಿದಳು. ದಸರೆಯ ಹೊತ್ತಿಗೆ ಹೂವಿನ ಪ್ರದರ್ಶನವಿತ್ತು, ಆದರೆ ಕುಂಡಕ್ಕೆ ಹೆಸರಿನ ಚೀಟಿ ಅಂಟಿಸದೆ ಒಳಗೆ ಬಿಡುತ್ತಿರಲಿಲ್ಲ. ಕಾಲೇಜಿನ ಮಾಸ್ತರರೊಬ್ಬರು ಬಂದು ನೋಡಿ, ಪುಸ್ತಕ ತಿರುವಿ ಹೇಳುತ್ತೇನೆಂದು ಹೋದವರು ಮತ್ತೆ ಆ ಕಡೆ ಸುಳಿಯಲಿಲ್ಲ.

ನಾನು ಹೂವಿಗಿಂತ ಮೊದಲೇ, ಬಂದ ದಿನವೇ ಎಲೆ ನೋಡಿ ಗುರುತು ಹಿಡಿದಿದ್ದೆ. ಬಾಯಿ ಬಿಟ್ಟಿರಲಿಲ್ಲ.

"ನಮ್ಮ ಅವ್ವಗ ಗೊತ್ತಿರತೈತ್ರಿ ಮಾವಶಿ," ಅಂದೆ. "ಆದ್ರ ಟೊಂಗಿ ಕೈಯಾಗ ಹಿಡದು ನೋಡಬೇಕು."

"ನೀನ ಒಯ್ಯ ಮತ್ತ."

"ನಾ ಬಂದು ಹೇಳಿದ್ರ ನಂಬತೀರೇನ್ರಿ? ನೀವ ಬರ್ರಿ."

ಎರಡು ದಿನ ಬಿಗಿದುಕೊಂಡಿದ್ದಳು. ಐತವಾರ ಟೊಂಗೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ನನ್ನ ಜೊತೆ ಬಸ್ಸು ಹತ್ತಿದಳು. ಕಾಡು ಸುರುವಾದ ಮೇಲೆ ದಾರಿಯ ಎರಡೂ ಬದಿ ಅದೇ ಗಿಡ, ಅದೇ ಒರಟು ಎಲೆ. ನಮ್ಮ ಕಾಡಿನಲ್ಲಿ ಅದಕ್ಕೆ ಏಳೆಂಟು ವರ್ಷಕ್ಕೊಮ್ಮೆ ಬರುವ ಹೂವಿನ ವರ್ಷ ಇನ್ನೂ ಬಂದಿರಲಿಲ್ಲ. ಮಾವಶಿ ಕಿಡಕಿಯಿಂದ ನೋಡುತ್ತಲೇ ಇದ್ದಳು, ಗುರುತು ಸಿಗಲಿಲ್ಲ. ನಾನು ತುಟಿ ಕಚ್ಚಿ ನಗು ತಡೆದುಕೊಂಡೆ.

ಬಸ್ಸಿಳಿದು ಅರ್ಧ ತಾಸಿನ ಏರು ಹತ್ತುವಷ್ಟರಲ್ಲಿ ಅವಳ ಸೊಕ್ಕಿಗಿಂತ ಕಾಲುನೋವು ದೊಡ್ಡದಾಗಿತ್ತು. ಒಳಗೆ ಬಂದಳು. ಅವ್ವ ಹಿಂದಿನ ದಿನವಷ್ಟೇ ಸಾರಿಸಿದ್ದ, ಇನ್ನೂ ಹಸಿ ಆರದ ಗೋಡೆಗೆ ತಾಗಿಸಿ ನಾನೇ ಕಂಬಳಿ ಹಾಸಿದೆ. ಉಣ್ಣದೆ ಕೇಳಿದರೆ ಅವ್ವನಿಗೆ ಬೇಜಾರಾಗುತ್ತದೆಂದು ಮಾವಶಿಯ ಕಿವಿಯಲ್ಲಿ ಉಸುರಿದೆ. ಅವ್ವನಿಗೆ ತಂಗಿ ಬಂದಳೆಂಬ ಸಂಭ್ರಮವೊಂದೇ. ಮಾವಶಿ ಎರಡು ರೊಟ್ಟಿ ಉಂಡು, ನೀರು ಕುಡಿದು, ಗೋಡೆಗೆ ಒರಗಿ ಟೊಂಗೆ ಬಿಚ್ಚಿ ಕೇಳಿದಳು:

"ಇದು ಯಾ ಗಿಡಾ ಅಕ್ಕಾ?"

ಅವ್ವ ಎಲೆ ತಿಕ್ಕಿ ನೋಡಿ ಹಗುರಾಗಿ ನಕ್ಕಳು. "ಇದನ್ನ ಕೇಳಾಕ ಇಷ್ಟ ದೂರ ಬಂದೀಯೇನವಾ? ಇದು ಕಾರವಿ. ನೀ ಒರಗಿ ಕುಂತೀಯಲ್ಲ, ಆ ಗ್ವಾಡೀನೂ ಇದರದ." ಮೂಲೆಯಲ್ಲಿ ಮಣ್ಣು ಉದುರಿದ ಕಡೆ ಒತ್ತೊತ್ತಾಗಿ ಕಟ್ಟಿದ್ದ ಕಡ್ಡಿಗಳನ್ನೂ ತೋರಿಸಿದಳು. ಅವಳ ಮಾತಿನಲ್ಲಿ ಕುಹಕವಿರಲಿಲ್ಲ. ಅದೆಲ್ಲ ನನ್ನ ಹೊಟ್ಟೆಯಲ್ಲಿತ್ತು.

ಮಾವಶಿ ಎದ್ದಳು. ಟೊಂಗೆಯನ್ನು ಅಲ್ಲೇ ಬಿಟ್ಟು ಚಪ್ಪಲಿ ಮೆಟ್ಟಿದಳು. ಅವಳ ಬಿಳಿ ಸೀರೆಯ ಬೆನ್ನ ಮೇಲೆ ಅಂಗೈಯಗಲದ ಸಗಣಿ ಕಲೆ. ಅವ್ವ ಝಾಡಿಸಲು ಕೈ ಚಾಚಿದಳು. ನಾನು ಆ ಕೈಯನ್ನು ಹಿಡಿದುಕೊಂಡೆ, ಮಾವಶಿ ಅಂಗಳ ದಾಟುವ ತನಕ ಬಿಡಲಿಲ್ಲ.

ಬೆಳಗಾವಿಯ ಬಸ್ ಸ್ಟ್ಯಾಂಡಿನ ಮಂದಿಯ ನಡುವೆ ಅವಳು ತಲೆಯೆತ್ತಿ ನಡೆದಳು. ನಾನು ಹಿಂದೆ ಹಿಂದೆ ನಡೆದೆ, ಆ ಕಲೆಯನ್ನು ನೋಡುತ್ತ.